ಸುಟ್ಟ ಗಾಯ ಕೀವಾಗಿದೆ: ಜೇನುತುಪ್ಪ ಹಚ್ಚುವುದಾ, ಬೆಳ್ಳಿ ಮುಲಾಮು ಹಚ್ಚುವುದಾ?

"ಅಕ್ಕಾರ, ಸುಟ್ಟ ಗಾಯ ಕೀವಾಗೈತಿ. ಜೇನುತುಪ್ಪ ಹಚ್ಚಬೌದಾ? ಇಲ್ಲಾ ಮೆಡಿಕಲ್‌ನಾಗ ಆ ಬಿಳಿ ಮುಲಾಮು ತರಸ್ಲಾ?"

ಬಳ್ಳಾರಿಯಲ್ಲಿ ಬಹಳ ವರ್ಷ ಡ್ರೆಸ್ಸಿಂಗ್ ಕೋಣೆಯಲ್ಲಿ ಕೆಲಸ ಮಾಡಿದ ನರ್ಸ್ ನಾನು. ಈ ಫೋನ್ ಇವತ್ತಿಗೂ ಬರುತ್ತದೆ. ಮಿರ್ಚಿ ಬಂಡಿಯಲ್ಲಿ ಎಣ್ಣೆ ಸಿಡಿಸಿಕೊಂಡವರು, ಜೀನ್ಸ್ ಘಟಕದಲ್ಲಿ ಇಸ್ತ್ರಿ ತಗುಲಿಸಿಕೊಂಡವರು, ಬೈಕಿನ ಸೈಲೆನ್ಸರ್‌ಗೆ ಮೀನಖಂಡ ತಾಗಿಸಿಕೊಂಡ ಹುಡುಗರು, ಚಹಾದ ಪಾತ್ರೆ ಎಳೆದುಕೊಂಡ ಮಗುವಿನ ತಾಯಿ. ಕೇಳುವವರು ಬೇರೆ ಬೇರೆ, ಪ್ರಶ್ನೆ ಒಂದೇ. ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಇಲ್ಲಿ ಪೂರ್ತಿ ಬರೆದಿದ್ದೇನೆ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಜೇನೂ ಕೆಲಸ ಮಾಡುತ್ತದೆ, ಬೆಳ್ಳಿಯೂ ಕೆಲಸ ಮಾಡುತ್ತದೆ. ಆದರೆ ಚೆನ್ನಾಗಿ ತೊಳೆದ, ಜಾಸ್ತಿ ಆಳವಿಲ್ಲದ ಗಾಯದ ಮೇಲೆ ಮಾತ್ರ. ತೊಳೆಯದ ಗಾಯಕ್ಕೆ ಎಷ್ಟು ದುಬಾರಿಯ ಔಷಧಿ ಹಚ್ಚಿದರೂ ಅದು ಕೀವಿನ ಮೇಲೆಯೇ ಕೂತಿರುತ್ತದೆ.

ಈಗಷ್ಟೇ ಸುಟ್ಟುಕೊಂಡವರು ಇದನ್ನು ಓದುತ್ತಿದ್ದರೆ, ನಿಮಗೆ ಜೇನೂ ಬೇಡ, ಬೆಳ್ಳಿಯೂ ಬೇಡ. ಗಾಯದ ಮೇಲೆ 20 ನಿಮಿಷ ತಣ್ಣೀರು ಹರಿಸಿ. ಸುಟ್ಟು 3 ಗಂಟೆಯ ಒಳಗಾದರೆ ತಡವಾಗಿ ಮಾಡಿದರೂ ಉಪಯೋಗವಿದೆ. ನಮ್ಮ ಕಡೆ ಬೇಸಿಗೆ ಮಧ್ಯಾಹ್ನ ಮಾಳಿಗೆ ಮೇಲಿನ ಟ್ಯಾಂಕಿನ ನೀರು ಕೈ ಇಡಲಾಗದಷ್ಟು ಬಿಸಿ ಇರುತ್ತದೆ. ಆಗ ನಲ್ಲಿ ಬಿಡಿ, ಒಳಗಿನ ಕೊಡದ ನೀರು ಸುರಿಯಿರಿ. ಐಸ್, ಟೂತ್‌ಪೇಸ್ಟ್, ಶಾಯಿ, ಅರಿಶಿನ, ಬೆಣ್ಣೆ ಯಾವುದನ್ನೂ ಹಚ್ಚಬೇಡಿ.

ಇವೆರಡೂ ಏನು ಮಾಡುತ್ತವೆ?

ಜೇನುತುಪ್ಪದಲ್ಲಿ ಸಕ್ಕರೆ ದಟ್ಟವಾಗಿರುತ್ತದೆ. ಒಳ್ಳೆಯ ಜೇನಿನಲ್ಲಿ ನೀರಿನಂಶ ಶೇ 20 ದಾಟುವುದಿಲ್ಲ. ಹೀಗಾಗಿ ಅದು ಗಾಯದಲ್ಲಿರುವ ಬ್ಯಾಕ್ಟೀರಿಯಾದ ನೀರನ್ನೇ ಎಳೆದುಕೊಳ್ಳುತ್ತದೆ. ಉಪ್ಪಿನಕಾಯಿ ಕೆಡದೆ ಉಳಿಯುವುದೂ ಹೆಚ್ಚುಕಡಿಮೆ ಹೀಗೇ. ಜೇನು ಹುಳಿ ಗುಣದ್ದು, ಆ ಹುಳಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟ. ಇನ್ನೊಂದು ಸಂಗತಿಯೂ ಇದೆ. ಜೇನುಹುಳ ಬೆರೆಸಿದ ಒಂದು ಕಿಣ್ವ, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕು ಮಾಡುವ ಪದಾರ್ಥ, ಅದರೊಳಗಿರುತ್ತದೆ. ಗಾಯದ ರಸ ಸೇರಿ ಜೇನು ತೆಳುವಾದಾಗ ಈ ಕಿಣ್ವ ಸ್ವಲ್ಪ ಸ್ವಲ್ಪವಾಗಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಅದೂ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಜೇನನ್ನು ಕಾಯಿಸಿದರೆ ಈ ಕಿಣ್ವ ಹಾಳು.

ಬೆಳ್ಳಿಯದ್ದು ಬೇರೆ ದಾರಿ. ಡ್ರೆಸ್ಸಿಂಗ್ ಒದ್ದೆಯಾದಾಗ ಅದರಿಂದ ಬೆಳ್ಳಿಯ ಅಯಾನುಗಳು, ಅಂದರೆ ವಿದ್ಯುತ್ತಿನ ಅಂಶ ಹೊತ್ತ ಸಣ್ಣ ಕಣಗಳು, ಹೊರಬರುತ್ತವೆ. ಅವು ಬ್ಯಾಕ್ಟೀರಿಯಾದ ಹೊರಗೋಡೆಗೆ ಅಂಟಿ ಅದನ್ನು ಹಾಳುಮಾಡುತ್ತವೆ. ಒಬ್ಬರು ಮಿಠಾಯಿ ಮೇಲಿನ ಬೆಳ್ಳಿ ರೇಕನ್ನು ಗಾಯಕ್ಕೆ ಅಂಟಿಸಿಕೊಂಡು ಬಂದಿದ್ದರು. ದಯವಿಟ್ಟು ಬೇಡ. ಅದು ಔಷಧಿಗೆ ಅಂತ ಮಾಡಿದ್ದಲ್ಲ, ಶುದ್ಧವೂ ಅಲ್ಲ.

ಮೆಡಿಕಲ್‌ನಲ್ಲಿ ಸಿಗುವ ಬಿಳಿ ಮುಲಾಮಿನ ಹೆಸರು ಸಿಲ್ವರ್ ಸಲ್ಫಾಡಯಾಜಿನ್, ಶೇ 1ರ ಕ್ರೀಮ್. ನ್ಯೂಯಾರ್ಕಿನ ವೈದ್ಯ ಚಾರ್ಲ್ಸ್ ಫಾಕ್ಸ್ 1968ರಲ್ಲಿ ಇದನ್ನು ಬಳಕೆಗೆ ತಂದರು. ಅಂದಿನಿಂದ ಸುಟ್ಟ ಗಾಯ ಅಂದರೆ ಇದೇ ಮುಲಾಮು ಎನ್ನುವಂತಾಯಿತು.

ಜೇನಿನ ಬಗ್ಗೆ ದೊಡ್ಡ ಕೆಲಸ ಮಾಡಿದವರು ನಮ್ಮ ಪಕ್ಕದ ಸೊಲ್ಲಾಪುರದವರು. ಅಲ್ಲಿನ ಸರ್ಜನ್ ಡಾ. ಎಂ. ಸುಬ್ರಹ್ಮಣ್ಯಂ 1991ರಲ್ಲಿ 104 ರೋಗಿಗಳ ಅಧ್ಯಯನ ಪ್ರಕಟಿಸಿದರು. ಅರ್ಧ ಜನಕ್ಕೆ ಜೇನು, ಅರ್ಧ ಜನಕ್ಕೆ ಬೆಳ್ಳಿ ಮುಲಾಮು. ಜೇನು ಹಚ್ಚಿದವರ ಗಾಯ ಬೇಗ ಶುದ್ಧವಾಯಿತು, ಬೇಗ ಮಾಯಿತು. ಇದನ್ನು ಎಲ್ಲರೂ ಹೇಳುತ್ತಾರೆ. ಅದೇ ವೈದ್ಯರು 1999ರಲ್ಲಿ ಪ್ರಕಟಿಸಿದ್ದನ್ನು ಯಾರೂ ಹೇಳುವುದಿಲ್ಲ: ಸುಟ್ಟ ಭಾಗವನ್ನು ಬೇಗ ಕೆತ್ತಿ ತೆಗೆದು ಚರ್ಮ ಕಸಿ ಮಾಡಿದರೆ ಅದು ಜೇನಿಗಿಂತ ಮೇಲು ಎಂದು. ಎರಡನ್ನೂ ಸೇರಿಸಿ ಓದಬೇಕು. ಜಗತ್ತಿನ ಅಧ್ಯಯನಗಳನ್ನು ಒಟ್ಟು ಮಾಡಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2015ರ ವರದಿ ಕೂಡ ಇದೇ ದಾರಿಯಲ್ಲಿದೆ. ಚರ್ಮದ ಪೂರ್ತಿ ಆಳಕ್ಕೆ ಇಳಿಯದ ಸುಟ್ಟ ಗಾಯ, ಮಾಮೂಲಿ ಡ್ರೆಸ್ಸಿಂಗಿಗಿಂತ ಜೇನಿನಲ್ಲಿ ನಾಲ್ಕೈದು ದಿನ ಮೊದಲು ಮಾಯುತ್ತದೆ. ಆದರೆ ಬೆಳ್ಳಿ ಮುಲಾಮಿನ ಎದುರು ಜೇನೇ ಮೇಲು ಎನ್ನಲು ಪುರಾವೆ ಅಷ್ಟು ಗಟ್ಟಿಯಾಗಿಲ್ಲ.

ಇನ್ನು ಹಂತಗಳು.

1. ಇದು ಮನೆಯಲ್ಲಿ ನೋಡಿಕೊಳ್ಳುವ ಗಾಯವಾ?

ಸುಟ್ಟುಕೊಂಡವರ ಅಂಗೈಯನ್ನು ಬೆರಳು ಸೇರಿಸಿ ಅಳತೆಗೆ ಇಟ್ಟುಕೊಳ್ಳಿ. ಅದು ಅವರ ಮೈಯ ಸುಮಾರು ಶೇ 1. ಮನೆಯಲ್ಲಿ ಡ್ರೆಸ್ಸಿಂಗ್ ಮಾಡುವ ಮಾತು ಇಂಥ ಒಂದು ಅಂಗೈ, ಹೆಚ್ಚೆಂದರೆ ಎರಡು ಅಂಗೈ ಅಗಲದ ಗಾಯಕ್ಕೆ ಮಾತ್ರ.

ಆಮೇಲೆ ಆಳ ನೋಡಿ. ಕೆಂಪಗಿದ್ದು ಉರಿಯುತ್ತಿದ್ದರೆ ಮೇಲ್ಪದರದ್ದು. ನೀರ್ಗುಳ್ಳೆ ಬಂದು, ಒಡೆದರೆ ಕೆಳಗೆ ಗುಲಾಬಿ ಬಣ್ಣದ ಒದ್ದೆ ಚರ್ಮ ಕಂಡು, ಮುಟ್ಟಿದರೆ ಜೋರು ನೋವಾದರೆ ಮಧ್ಯದ ಆಳ. ಬಿಳಿಚಿಕೊಂಡು, ಕಂದಾಗಿ ಅಥವಾ ಕಪ್ಪಾಗಿ, ಚಪ್ಪಲಿಯ ತೊಗಲಿನ ಹಾಗೆ ಗಡುಸಾಗಿ, ಮುಟ್ಟಿದರೂ ನೋವೇ ಇಲ್ಲದಿದ್ದರೆ ಪೂರ್ತಿ ಆಳ. ಎಲ್ಲರೂ ಮೋಸ ಹೋಗುವುದು ಇಲ್ಲೇ. ನೋವಿಲ್ಲ ಅಂದರೆ ಗಾಯ ಸಣ್ಣದು ಅಂದುಕೊಳ್ಳುತ್ತಾರೆ. ನರವೇ ಸುಟ್ಟುಹೋಗಿದ್ದಕ್ಕೆ ನೋವಿಲ್ಲ. ಇಂಥ ಗಾಯಕ್ಕೆ ಜೇನು, ಬೆಳ್ಳಿ ಹಚ್ಚಿಕೊಂಡು ವಾರಗಟ್ಟಲೆ ಕೂತರೆ ಚರ್ಮ ಕಸಿಯ ಒಳ್ಳೆಯ ಸಮಯ ಕಳೆದುಹೋಗುತ್ತದೆ.

ಇವಿದ್ದರೆ ಅಳತೆ ಎಷ್ಟೇ ಇರಲಿ, ಆಸ್ಪತ್ರೆಗೇ ಹೋಗಿ: ಮುಖ, ಕೈ, ಪಾದ, ಗುಪ್ತಾಂಗ ಅಥವಾ ಕೀಲಿನ ಮೇಲೆ ಸುಟ್ಟಿದ್ದರೆ, ಕೈಕಾಲಿನ ಸುತ್ತ ಬಳೆಯ ಹಾಗೆ ಸುಟ್ಟಿದ್ದರೆ, ಕರೆಂಟ್ ಅಥವಾ ಆಸಿಡ್‌ನಿಂದ ಆಗಿದ್ದರೆ, ಬೆಂಕಿಯ ಹೊಗೆ ಉಸಿರಿನೊಳಗೆ ಹೋಗಿದ್ದರೆ, ಸಣ್ಣ ಮಕ್ಕಳು, ವಯಸ್ಸಾದವರು, ಗರ್ಭಿಣಿಯರಾಗಿದ್ದರೆ.

ಸಕ್ಕರೆ ಕಾಯಿಲೆ ಇರುವವರ ಪಾದದ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಏಪ್ರಿಲ್, ಮೇ ಬಿಸಿಲಿನಲ್ಲಿ ಗುಡಿಯ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕುತ್ತಾರೆ. ಪಾದಕ್ಕೆ ಸ್ಪರ್ಶ ಇರುವುದಿಲ್ಲ, ಸುಟ್ಟಿದ್ದು ಗೊತ್ತಾಗುವುದಿಲ್ಲ. ಮೂರನೇ ದಿನ ಕಾಲುಚೀಲಕ್ಕೆ ಕೀವು ಅಂಟಿದಾಗಲೇ ನೋಡಿಕೊಳ್ಳುವುದು. ಆ ಗಾಯಕ್ಕೆ ಮನೆಯಲ್ಲಿ ಒಂದು ದಿನವೂ ಕಾಯಬೇಡಿ.

2. ನಿಜವಾಗಿಯೂ ಕೀವಾ?

ಹಳದಿ ಕಂಡದ್ದೆಲ್ಲ ಕೀವಲ್ಲ. ಬೆಳ್ಳಿ ಮುಲಾಮು ಎರಡು ದಿನ ಹಚ್ಚಿದ ಗಾಯ ಬಿಚ್ಚಿ ನೋಡಿ. ಮೇಲೆ ಹಳದಿ ಮಿಶ್ರಿತ ಬೂದು ಬಣ್ಣದ ಒಂದು ಪೊರೆ ಇರುತ್ತದೆ. ಕೆನೆಗಟ್ಟಿದ ಹಾಲಿನ ಹಾಗೆ, ಒದ್ದೆ ಗಾಜ್‌ನಿಂದ (ಡ್ರೆಸ್ಸಿಂಗಿನ ಜಾಳು ಬಟ್ಟೆ) ಮೆಲ್ಲಗೆ ಸರಿಸಿದರೆ ಅಂಚಿನಿಂದ ಜಾರುತ್ತದೆ. ಮುಲಾಮು ಮತ್ತು ಗಾಯದ ರಸ ಸೇರಿ ಆದ ಪೊರೆ ಅದು. ಅದನ್ನು ಕೀವೆಂದು ಹೆದರಿ ಮೆಡಿಕಲ್‌ನಿಂದ ಆ್ಯಂಟಿಬಯೋಟಿಕ್ ತಂದು ನುಂಗಿದವರು ಎಷ್ಟೋ ಜನ.

ನಿಜವಾದ ಸೋಂಕಿನ ಗುರುತು ಹೀಗಿರುತ್ತವೆ: ಕಡಿಮೆಯಾಗುತ್ತಿದ್ದ ನೋವು ಮತ್ತೆ ಏರುವುದು, ಸುತ್ತಲಿನ ಕೆಂಪು ದಿನದಿನಕ್ಕೆ ಹರಡುವುದು, ಬಾವು, ಕೆಟ್ಟ ವಾಸನೆ, ದಪ್ಪ ಕೀವು. ಡ್ರೆಸ್ಸಿಂಗಿಗೆ ಹಸಿರು ಬಣ್ಣ ಅಂಟಿದ್ದರೆ ಅದು ಹೆಚ್ಚಾಗಿ ಸ್ಯೂಡೋಮೋನಾಸ್ ಎಂಬ ಹಟಮಾರಿ ಬ್ಯಾಕ್ಟೀರಿಯಾ. ಪೆನ್ನಿನಿಂದ ಕೆಂಪಿನ ಅಂಚಿಗೆ ಗೆರೆ ಎಳೆದು ಸಮಯ ಬರೆಯಿರಿ. ಮರುದಿನ ಕೆಂಪು ಗೆರೆ ದಾಟಿದೆಯಾ ನೋಡಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಮನೆಯಲ್ಲಿ ಇಲ್ಲ.

ಜ್ವರ, ಚಳಿ ನಡುಕ, ಏದುಸಿರು, ಮೂತ್ರ ಕಡಿಮೆಯಾಗುವುದು, ಮಾತು ತೊದಲುವುದು ಅಥವಾ ಮಂಕಾಗುವುದು ಕಂಡರೆ ಸೋಂಕು ರಕ್ತಕ್ಕೆ ಇಳಿದಿರಬಹುದು. ಆಗ 108ಕ್ಕೆ ಫೋನ್ ಮಾಡಿ. ಬೇರೇನೂ ಯೋಚಿಸಬೇಡಿ.

3. ಒಮ್ಮೆ ಡಾಕ್ಟರಿಗೆ ತೋರಿಸಿ

ಕೀವಾದ ಸುಟ್ಟ ಗಾಯ ಒಮ್ಮೆಯಾದರೂ ಡಾಕ್ಟರ್ ಕಣ್ಣಿಗೆ ಬೀಳಲೇಬೇಕು. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಗಾಯದ ರಸವನ್ನು ಹತ್ತಿಕಡ್ಡಿಯಲ್ಲಿ ತೆಗೆದು ಕಲ್ಚರ್‌ಗೆ ಕಳಿಸುತ್ತಾರೆ. ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಸಾಯುತ್ತದೆ ಎಂದು ತಿಳಿಯುವ ಪರೀಕ್ಷೆ ಅದು. ಸೋಂಕು ಸುತ್ತಲಿನ ಚರ್ಮಕ್ಕೆ ಹರಡಿದ್ದರೆ ಡ್ರೆಸ್ಸಿಂಗ್ ಒಂದರಿಂದಲೇ ಆಗುವುದಿಲ್ಲ, ಮಾತ್ರೆ ಅಥವಾ ಇಂಜೆಕ್ಷನ್ ಬೇಕು. ಧನುರ್ವಾಯು ಇಂಜೆಕ್ಷನ್ ಕೊನೆಯದಾಗಿ ಯಾವಾಗ ತೆಗೆದುಕೊಂಡಿರಿ ಎಂದು ನೆನಪಿಟ್ಟು ಹೇಳಿ.

ಬಳ್ಳಾರಿಯವರಿಗೆ ವಿಮ್ಸ್ (ಈಗ ಬಿಎಂಸಿಆರ್‌ಸಿ), ರಾಯಚೂರಿನವರಿಗೆ ರಿಮ್ಸ್, ಕೊಪ್ಪಳದವರಿಗೆ ಕಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.

ಹೋಗುವ ಮುಂಚೆ ಗಾಯಕ್ಕೆ ಬಿಳಿ ಮುಲಾಮು ಬಳಿಯಬೇಡಿ. ಬಳಿದರೆ ಡಾಕ್ಟರಿಗೆ ಗಾಯದ ಆಳ ಕಾಣುವುದಿಲ್ಲ. ತೊಳೆದು ತೆಗೆಯುವಾಗ ನೋವು ನಿಮಗೇ ಜಾಸ್ತಿ.

4. ಯಾವುದನ್ನು ಆರಿಸುವುದು?

ಡಾಕ್ಟರು ಮನೆಯಲ್ಲೇ ಡ್ರೆಸ್ಸಿಂಗ್ ಮಾಡಿಕೊಳ್ಳಬಹುದು ಎಂದರೆ, ಯಾವುದರಿಂದ ಎಂದು ಅವರನ್ನೇ ಕೇಳಿ. ಅಲ್ಲಿ ಕೇಳಲು ಬೇಕಾದ ತಿಳಿವಳಿಕೆ ಇದು.

ಜೇನು ಅಂದರೆ ವೈದ್ಯಕೀಯ ಜೇನು. ಟ್ಯೂಬಿನಲ್ಲಿ ಅಥವಾ ಜೇನು ಸವರಿದ ಗಾಜ್ ಆಗಿ ಬರುತ್ತದೆ. ಅದನ್ನು ಗಾಮಾ ಕಿರಣ ಹಾಯಿಸಿ ಶುದ್ಧ ಮಾಡಿರುತ್ತಾರೆ. ಯಾಕೆಂದರೆ ಹಸಿ ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು, ಮತ್ತು ಅವು ಜೇನಿನಲ್ಲಿ ಸಾಯುವುದಿಲ್ಲ. ಕಾಯಿಸಿದರೆ ಕಿಣ್ವ ಹೋಗುತ್ತದೆ, ಅದಕ್ಕೇ ಕಿರಣ. ನ್ಯೂಜಿಲೆಂಡಿನ ಮನುಕಾ ಜೇನಿನ ಟ್ಯೂಬ್‌ಗಳು ಹೆಸರಾಗಿವೆ, ಬೆಲೆ ಮಾತ್ರ ಜಾಸ್ತಿ.

"ನಮ್ಮದು ಅಸಲಿ ಜೇನು ಐತಲ್ಲ, ಗುಡ್ಡದ್ದು" ಅನ್ನುತ್ತೀರಿ. ಗೊತ್ತು. ಬಂಡೆಗಳಿಂದ ಇಳಿಸಿದ ಹೆಜ್ಜೇನನ್ನು ಕೈಯಲ್ಲಿ ಹಿಂಡಿ, ಬಟ್ಟೆಯಲ್ಲಿ ಸೋಸಿ, ಹಳೆಯ ಬಾಟಲಿಗೆ ತುಂಬಿ ಮಾರುತ್ತಾರೆ. ಅದರಲ್ಲಿ ಮೇಣದ ಚೂರು, ಮರಿಹುಳದ ರಸ, ಧೂಳು ಎಲ್ಲ ಇರುತ್ತದೆ. ನೀರಿನಂಶವೂ ಜಾಸ್ತಿ, ಅದಕ್ಕೇ ಕೆಲವು ಬಾಟಲಿ ನೊರೆ ಬಂದು ಹುಳಿಯುವುದು. ರೊಟ್ಟಿಗೆ ಹಚ್ಚಿಕೊಂಡು ತಿನ್ನಿ, ಚೆನ್ನಾಗಿರುತ್ತದೆ. ಕೀವಾದ ಗಾಯಕ್ಕೆ ಬೇಡ. ಅಂಗಡಿಯ ಬಾಟಲಿಯೂ ಬೇಡ. ಹಲವು ಬ್ರ್ಯಾಂಡ್‌ಗಳಲ್ಲಿ ಸಕ್ಕರೆ ಪಾಕ ಬೆರೆತಿದೆ ಎಂದು ಸೆಂಟರ್ ಫಾರ್ ಸೈನ್ಸ್ ಆ್ಯಂಡ್ ಎನ್ವಿರಾನ್‌ಮೆಂಟ್ ಎಂಬ ಸಂಸ್ಥೆ 2020ರ ಡಿಸೆಂಬರಿನಲ್ಲಿ ಬಯಲು ಮಾಡಿತ್ತು.

ಜೇನುಹುಳದ ಕಡಿತಕ್ಕೆ ಅಲರ್ಜಿ ಇರುವವರು ಜೇನಿನ ತಂಟೆಗೆ ಹೋಗಬೇಡಿ. ಸಕ್ಕರೆ ಕಾಯಿಲೆಯವರು ರಕ್ತದ ಸಕ್ಕರೆ ನೋಡಿಸಿಕೊಳ್ಳುತ್ತಿರಿ.

ಬೆಳ್ಳಿಯಲ್ಲಿ ಎರಡು ಬಗೆ. ಒಂದು ಆ ಬಿಳಿ ಕ್ರೀಮ್. ಅಗ್ಗ, ಎಲ್ಲ ಕಡೆ ಸಿಗುತ್ತದೆ. ಆದರೆ ದಿನಾ ಬಿಚ್ಚಿ ಕಟ್ಟಬೇಕು. ಸೋಂಕಿಲ್ಲದ ಗಾಯವನ್ನು ಇದು ಮಾಯಲು ತಡಮಾಡುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಸಲ್ಫಾ ಔಷಧಿ ಆಗದವರು, ಹೆರಿಗೆ ಹತ್ತಿರವಿರುವ ಗರ್ಭಿಣಿಯರು, 2 ತಿಂಗಳೊಳಗಿನ ಕೂಸುಗಳು, ಜಿ6ಪಿಡಿ ಕೊರತೆ ಇರುವವರು (ಕೆಂಪು ರಕ್ತಕಣ ಬೇಗ ಒಡೆಯುವ ಹುಟ್ಟು ತೊಂದರೆ) ಇದನ್ನು ಹಚ್ಚಬಾರದು. ಎರಡನೆಯದು ಬೆಳ್ಳಿ ಸೇರಿಸಿದ ಹಾಳೆ. ಬೆಲೆ ಜಾಸ್ತಿ. ಆದರೆ ಬಗೆ ನೋಡಿಕೊಂಡು 3ರಿಂದ 7 ದಿನ ಬಿಚ್ಚದೆ ಬಿಡಬಹುದು. ಪದೇ ಪದೇ ಬಿಚ್ಚುವ ನೋವು ತಪ್ಪುತ್ತದೆ. ದಿನಗೂಲಿ ಬಿಟ್ಟು ಬಸ್ ಹತ್ತಿ ದಿನಾ ಡ್ರೆಸ್ಸಿಂಗಿಗೆ ಬರುವವರಿಗೆ ಲೆಕ್ಕ ಹಾಕಿದರೆ ಕೆಲವೊಮ್ಮೆ ಹಾಳೆಯೇ ಅಗ್ಗ.

ಎರಡನ್ನೂ ಒಟ್ಟಿಗೆ ಹಚ್ಚಬೇಡಿ. ಒಂದನ್ನು ಆರಿಸಿ.

5. ಸಾಮಾನು ಜೋಡಿಸಿಕೊಳ್ಳಿ

ಸೀಲ್ ಇರುವ ಗಾಜ್ ಪ್ಯಾಕೆಟ್, ಗ್ಲೌಸ್, ನಾರ್ಮಲ್ ಸಲೈನ್ ಬಾಟಲಿ ಅಥವಾ ಕುದಿಸಿ ಆರಿಸಿದ ನೀರು, ರೋಲರ್ ಬ್ಯಾಂಡೇಜ್, ಪೇಪರ್ ಟೇಪ್, ಕಸಕ್ಕೆ ಒಂದು ಕವರ್. ನೋವಿನ ಮಾತ್ರೆ ಬರೆದುಕೊಟ್ಟಿದ್ದರೆ ಅರ್ಧ ಗಂಟೆಗೂ ಮೊದಲೇ ಕೊಡಿ. ಇದನ್ನು ಮರೆಯುವವರೇ ಜಾಸ್ತಿ. ಫ್ಯಾನ್ ಆರಿಸಿ, ಧೂಳು ಹಾರುತ್ತದೆ.

ಹತ್ತಿಯನ್ನು ನೇರ ಗಾಯದ ಮೇಲೆ ಇಡಬೇಡಿ, ಎಳೆ ಅಂಟಿಕೊಳ್ಳುತ್ತದೆ. ಮುಲಾಮು, ಜೇನು ಎರಡನ್ನೂ ಮನೆಯ ತಣ್ಣಗಿನ, ಕತ್ತಲೆಯ ಮೂಲೆಯಲ್ಲಿಡಿ. ಬೆಳಕಿಗೆ ಬಿದ್ದು ಬೂದು ಅಥವಾ ಕಂದು ಬಣ್ಣಕ್ಕೆ ತಿರುಗಿದ ಬೆಳ್ಳಿ ಕ್ರೀಮನ್ನು ಎಸೆಯಿರಿ.

6. ತೊಳೆಯಿರಿ

ಇದೇ ಮುಖ್ಯ. ಅವಸರ ಮಾಡಬೇಡಿ.

ಸೋಪು ಹಾಕಿ ಕೈ ತೊಳೆದು ಗ್ಲೌಸ್ ಹಾಕಿ. ಹಳೆಯ ಗಾಜ್ ಅಂಟಿದ್ದರೆ ಎಳೆಯಬೇಡಿ. ಸಲೈನ್ ಸುರಿದು ಐದು ಹತ್ತು ನಿಮಿಷ ನೆನೆಯಲು ಬಿಡಿ, ತಾನೇ ಬಿಡುತ್ತದೆ. ಎಳೆದು ಕಿತ್ತರೆ ನಿನ್ನೆಯಿಂದ ಬೆಳೆದ ಹೊಸ ಚರ್ಮವೂ ಕಿತ್ತು ಬರುತ್ತದೆ.

ಆಮೇಲೆ ಸಲೈನ್ ಧಾರಾಳವಾಗಿ ಹರಿಸಿ. ಒದ್ದೆ ಗಾಜ್‌ನಿಂದ ಕೀವು, ಹಳೆಯ ಮುಲಾಮು, ಸಡಿಲವಾದ ಪೊರೆಯನ್ನು ಮೆಲ್ಲಗೆ ಒರೆಸಿ. ಶುದ್ಧ ಜಾಗದಿಂದ ಕೀವಿನ ಜಾಗದ ಕಡೆ ಬನ್ನಿ, ಒಮ್ಮೆ ಒರೆಸಿದ ಗಾಜ್ ಮತ್ತೆ ಬಳಸಬೇಡಿ. ಕೆಳಗೆ ಗುಲಾಬಿ ಅಥವಾ ಕೆಂಪು ಬಣ್ಣ ಕಾಣಬೇಕು. ಗಟ್ಟಿಯಾಗಿ ಅಂಟಿದ ಕಪ್ಪು ಹೊಪ್ಪಳೆಯನ್ನು ಕತ್ತರಿಯಿಂದ ಕತ್ತರಿಸಲು ಹೋಗಬೇಡಿ, ಅದು ಡಾಕ್ಟರ ಕೆಲಸ. ಡೆಟಾಲ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಬಾಟಲಿ ಬೇಡ. ಅವು ಬ್ಯಾಕ್ಟೀರಿಯಾದ ಜೊತೆ ಹೊಸ ಚರ್ಮದ ಕಣಗಳನ್ನೂ ಕೊಲ್ಲುತ್ತವೆ.

7. ಕಟ್ಟಿ

*ಜೇನು:* ಗಾಯಕ್ಕಲ್ಲ, ಗಾಜ್‌ಗೆ ಹಚ್ಚಿ. ಮೈ ಬಿಸಿಗೆ ಜೇನು ನೀರಾಗಿ ಹರಿದುಹೋಗುತ್ತದೆ, ಗಾಜ್‌ನಲ್ಲಿದ್ದರೆ ನಿಲ್ಲುತ್ತದೆ. 10 ಸೆಂ.ಮೀ. ಉದ್ದಗಲದ ಗಾಜ್‌ಗೆ ಸುಮಾರು 20 ಮಿ.ಲೀ. ಬೇಕು. ತೆಳುವಾಗಿ ಸವರಿದರೆ ಸುಮ್ನೆ ಹಚ್ಚಿದ ಹಾಗೆ. ಗಾಯದ ಅಂಚು ದಾಟಿ ಸ್ವಲ್ಪ ಹೊರಗೂ ಬರಲಿ. ಮೇಲೆ ದಪ್ಪ ಒಣ ಪ್ಯಾಡ್ ಇಡಿ, ಇಲ್ಲದಿದ್ದರೆ ಸೋರಿ ಇರುವೆ ಹತ್ತುತ್ತವೆ. ಹಚ್ಚಿದಾಗ ಸ್ವಲ್ಪ ಹೊತ್ತು ಚುರುಗುಟ್ಟುತ್ತದೆ, ಅದು ಹುಳಿಯ ಗುಣ. ಅರ್ಧ ಗಂಟೆಯಾದರೂ ತಡೆಯಲಾಗದಷ್ಟು ಉರಿದರೆ ತೊಳೆದುಬಿಡಿ. ಮೊದಮೊದಲು ದಿನಾ ಬದಲಿಸಿ. ರಸ ಕಡಿಮೆಯಾದಂತೆ ಎರಡು ಮೂರು ದಿನಕ್ಕೊಮ್ಮೆ ಸಾಕು.

*ಬೆಳ್ಳಿ ಕ್ರೀಮ್:* ಗ್ಲೌಸ್ ಹಾಕಿದ ಕೈಯಿಂದ 2–3 ಮಿ.ಮೀ. ದಪ್ಪ ಹಚ್ಚಿ, ಗಾಜ್ ಮುಚ್ಚಿ. ದಿನಕ್ಕೆ ಒಂದು ಅಥವಾ ಎರಡು ಸಲ. ಪ್ರತಿಸಲವೂ ಹಳೆಯದನ್ನು ಪೂರ್ತಿ ತೊಳೆದೇ ಹೊಸದು. ಹಳೆಯದರ ಮೇಲೆ ಹೊಸದು ಬಳಿಯುವುದನ್ನು ನಾನು ಎಷ್ಟು ಮನೆಗಳಲ್ಲಿ ನೋಡಿದ್ದೇನೋ! ಮುಖಕ್ಕೆ ಬೇಡ, ಚರ್ಮ ಬೂದು ಬಣ್ಣಕ್ಕೆ ತಿರುಗಬಹುದು.

*ಬೆಳ್ಳಿ ಹಾಳೆ:* ಪೊಟ್ಟಣದ ಮೇಲಿನ ಸೂಚನೆ ಓದಿ, ಇಲ್ಲವೇ ಓದಿಸಿ. ನ್ಯಾನೋ ಬೆಳ್ಳಿಯ (ತೀರಾ ಸಣ್ಣ ಕಣದ ಬೆಳ್ಳಿ) ಹಾಳೆಯನ್ನು ಶುದ್ಧ ನೀರಿನಲ್ಲಿ ಒದ್ದೆ ಮಾಡಬೇಕು, ಸಲೈನಿನಲ್ಲಿ ಅಲ್ಲ. ಸಲೈನ್ ಅಂದರೆ ಉಪ್ಪುನೀರು. ಉಪ್ಪಿನ ಕ್ಲೋರೈಡ್ ಬೆಳ್ಳಿಯನ್ನು ಹಿಡಿದುಕೊಂಡು ಕೆಲಸ ಮಾಡಲು ಬಿಡುವುದಿಲ್ಲ. ಕೆಳಗೆ ವ್ಯಾಸಲಿನ್ ಹಚ್ಚಬೇಡಿ. ಎಂಆರ್‌ಐ ಮಾಡಿಸುವುದಿದ್ದರೆ ಬೆಳ್ಳಿ ಡ್ರೆಸ್ಸಿಂಗ್ ಇದೆ ಎಂದು ಮುಂಚೆಯೇ ಹೇಳಿ.

ಯಾವುದೇ ಇರಲಿ, ಬ್ಯಾಂಡೇಜ್ ಬಿಗಿಯಾಗಬಾರದು. ಬೆರಳ ತುದಿ ಕಾಣುತ್ತಿರಲಿ. ಅದು ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ ತಕ್ಷಣ ಸಡಿಲಿಸಿ. ಸುಟ್ಟ ಕೈಕಾಲನ್ನು ದಿಂಬಿನ ಮೇಲೆ ಎತ್ತರದಲ್ಲಿಡಿ, ಬಾವು ಇಳಿಯುತ್ತದೆ.

8. ಎಷ್ಟು ದಿನ?

ಪ್ರತಿಸಲ ಬಿಚ್ಚಿದಾಗ ಒಂದೇ ಕೋನದಿಂದ, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೊ ತೆಗೆಯಿರಿ. ಗಾಯ ಕಿರಿದಾಗುತ್ತಿದೆಯಾ ಇಲ್ಲವಾ ಎಂದು ನಾಲ್ಕನೇ ಫೋಟೊ ಹೇಳಿಬಿಡುತ್ತದೆ. ಡಾಕ್ಟರಿಗೂ ಅದೇ ಬೇಕು.

48 ಗಂಟೆಯಲ್ಲಿ ಕೆಂಪು, ವಾಸನೆ, ನೋವು ಕಡಿಮೆಯಾಗದಿದ್ದರೆ ಮತ್ತೆ ತೋರಿಸಿ. ಬೆಳ್ಳಿಯನ್ನು ಎರಡು ವಾರಕ್ಕಿಂತ ಜಾಸ್ತಿ ನೀವೇ ಮುಂದುವರಿಸಬೇಡಿ. ಕೀವು ಹೋಗಿ ಗಾಯ ಕೆಂಪಗೆ ಶುದ್ಧವಾದ ಮೇಲೆ ಅದರ ಕೆಲಸ ಮುಗಿಯಿತು, ಮಾಮೂಲಿ ಅಂಟದ ಡ್ರೆಸ್ಸಿಂಗ್ ಸಾಕು. ಸುಟ್ಟು ಎರಡು ವಾರವಾದರೂ ಮಾಯುವ ಲಕ್ಷಣ ಕಾಣದಿದ್ದರೆ ಪ್ಲಾಸ್ಟಿಕ್ ಸರ್ಜನ್ ಬಳಿ ಹೋಗಿ. ಮೂರು ವಾರ ದಾಟಿ ಮಾಯುವ ಗಾಯ ದಪ್ಪ ಕಲೆ ಬಿಡುತ್ತದೆ, ಕೀಲಿನ ಹತ್ತಿರವಾದರೆ ಚರ್ಮ ಎಳೆದು ಕೈ ಬಾಗಿಯೇ ಉಳಿಯಬಹುದು.

9. ಮಾಯುವಾಗ, ಮಾಯ್ದ ಮೇಲೆ

ಪಥ್ಯ ಎಂದು ಮೊಟ್ಟೆ, ಬೇಳೆ, ಮಾಂಸ ಬಿಡಿಸುತ್ತಾರೆ. "ಕೀವು ಜಾಸ್ತಿ ಆಗ್ತತಿ" ಅನ್ನುತ್ತಾರೆ. ಅದು ತಪ್ಪು. ಹೊಸ ಚರ್ಮ ಕಟ್ಟುವುದೇ ಪ್ರೋಟೀನಿನಿಂದ. ಮೊಟ್ಟೆ ತಿನ್ನದವರಿಗೆ ಬೇಳೆ, ಶೇಂಗಾ, ಹಾಲು, ಮೊಸರು ಕೊಡಿ. ಬೀಡಿ, ಸಿಗರೇಟು ಬಿಡಿ, ಅದರಿಂದ ಗಾಯಕ್ಕೆ ರಕ್ತ ಕಡಿಮೆ ಹೋಗುತ್ತದೆ.

ಬೆರಳು, ಮೊಣಕೈ, ಮೊಣಕಾಲು ದಿನಕ್ಕೆ ನಾಲ್ಕೈದು ಸಲ ಪೂರ್ತಿ ಮಡಚಿ ಬಿಡಿಸಲಿ, ನೋವಾದರೂ ಸರಿ. ಮಾಯ್ದ ಚರ್ಮ ಒಣಗಿ ತುರಿಸುತ್ತದೆ. ಉಗುರು ಹಾಕಬೇಡಿ. ಸ್ನಾನದ ನಂತರ ಕೊಬ್ಬರಿ ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕಿ, ಗಾಯ ಪೂರ್ತಿ ಮುಚ್ಚಿದ ಮೇಲೆ ಮಾತ್ರ. ನಮ್ಮ ಬಿಸಿಲಿಗೆ ಆ ಹೊಸ ಚರ್ಮ ಬೇಗ ಕಪ್ಪಾಗುತ್ತದೆ. ಒಂದು ವರ್ಷ ಹೊರಗೆ ಹೋಗುವಾಗ ತುಂಬು ತೋಳಿನ ಅಂಗಿ ಹಾಕಿಸಿ, ಇಲ್ಲವೇ ತೆಳು ಹತ್ತಿ ಬಟ್ಟೆ ಸುತ್ತಿ.